ಗಟ್ಟಿ ಲೋಹದ ತೋರಾಬ್ ಮಿಸ್ತ್ರಿ

"ಧೋಲಾಯ್‌ಖಾಲ್‌ನಲ್ಲಿ ಗುಜರಿ ಪೇಟೆಗೆ ಒಬ್ಬ ಎರಕದ ಮುದುಕ ಬಂದಿದಾನೆ ಕಣೇ, ತವರದ ಸರಳನ್ನ ಕಿವಿ ಹತ್ರ ಹಿಡಿದು ಅಳಿಸ್ತಾನೆ!" ಎಂದು ನನ್ನ ಗಂಡ ಜಯ್ನಾಲ್ ನಗುತ್ತಾ ಮನೆಗೆ ಬಂದ ದಿನವೇ ನಾನು ತೋರಾಬ್ ಮಿಸ್ತ್ರಿಯ ಹೆಸರನ್ನು ಮೊದಲು ಕೇಳಿದ್ದು. ಜಯ್ನಾಲ್ ಸದರ್‌ಘಾಟಿನಿಂದ ಚಾಂದ್‌ಪುರಕ್ಕೆ ನದಿಯಲ್ಲಿ ಹೋಗುವ 'ಶೋನಾಲಿ' ಲಾಂಚಿನ ಎಂಜಿನ್ ಡ್ರೈವರ್. ರಾತ್ರಿ ನೀರಲ್ಲಿ ನೆನೆಸಿಟ್ಟ ಪಾಂತಾ ಅನ್ನದ ತಟ್ಟೆಯ ಮುಂದೆ ಕೂತು, ಹಸಿಮೆಣಸಿನಕಾಯಿಯನ್ನೇ ಸರಳಿನಂತೆ ಬಗ್ಗಿಸಿ, ಆ ಮುದುಕ ಹೇಗೆ ಕಣ್ಣು ಮುಚ್ಚಿ ಕೇಳುತ್ತಾನೆಂದು ತೋರಿಸಿದ. ಶುದ್ಧ ತವರ ಬಗ್ಗಿಸಿದರೆ ಒಳಗಿಂದ ಸಣ್ಣಗೆ ಚೀರುತ್ತದೆ, ಸೀಸ ಬೆರೆಸಿದ್ದು ಮೂಕವಾಗಿರುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. "ವ್ಯಾಪಾರಿ ಮುಖಕ್ಕೇ ಸರಳು ಎಸೆದುಬಿಟ್ಟ. 'ಇದು ಅಳಲ್ಲ, ತಗೊಂಡ್ಹೋಗಿ ನಿಮ್ಮತ್ತೆಗೆ ಬಳೆ ಮಾಡಿಸು' ಅಂದ," ಎಂದು ಹೇಳಿ ಜಯ್ನಾಲ್ ಮತ್ತೆ ನಕ್ಕ.

ಆಮೇಲೆ ಈದ್ ದಿನ ಸೇಮಿಗೆ ಉಣ್ಣಲು ಅವರೇ ನಮ್ಮ ಮನೆಗೆ ಬಂದರು. ಉದ್ದನೆಯ ಒಣಕಲು ಮನುಷ್ಯ. ಜ್ಯೇಷ್ಠ ಮಾಸದ ಸೆಕೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಹಳೆಯ ರೈಲ್ವೆ ಕೋಟು. ಅದರ ಬಲಜೇಬಿನ ತುಂಬ ಸವೆದು ಸತ್ತ ಬೇರಿಂಗಿನ ಹೋಳುಗಳಿದ್ದುದರಿಂದ ಅವರು ಒಂದು ಮಗ್ಗುಲಿಗೆ ವಾಲಿಕೊಂಡೇ ನಡೆಯುತ್ತಿದ್ದರು. ಓಣಿಯ ತಿರುವಿನಲ್ಲಿ ಗಣಗಣ ಸದ್ದಾದರೆ ಮಕ್ಕಳು "ಬಂದ ಬಂದ, ಎತ್ತು ಬಂತು" ಎಂದು ಕೂಗುತ್ತಿದ್ದವು. ಮಾತಿನ ನಡುನಡುವೆ "ಕೇಳಿಸ್ತಾ?" ಎನ್ನುವುದು ಅವರ ಚಾಳಿ. ಉಪ್ಪು ಬೇಕು, ಕೇಳಿಸ್ತಾ? ಮಳೆ ಬರುತ್ತೆ, ಕೇಳಿಸ್ತಾ? ನಾನು ಅವರನ್ನು ಚಾಚಾ ಎಂದೆ, ಅವರು ನನ್ನನ್ನು ಬೌಮಾ, ಎಂದರೆ ಸೊಸೆ ಎಂದು ಕರೆದರು. ಆ ಸಂಬಂಧ ಕಡೆಯವರೆಗೂ ಹಾಗೇ ಉಳಿಯಿತು.

ಅವರ ತಮ್ಮನೊಬ್ಬ ಪದ್ಮಾ ನದಿಯಲ್ಲಿ ಮುಳುಗಿ ಹೋಗಿದ್ದ. ನಡುನೀರಿನಲ್ಲಿ, ಎಂಜಿನಿನ ಕ್ರ್ಯಾಂಕ್ ದಂಡ ಕೂತು ತಿರುಗುವ ಬೇರಿಂಗಿನ ಮೆತ್ತನೆಯ ಬಿಳಿಲೋಹ ಕಾದು ಕರಗಿ, ಎಂಜಿನ್ ಬಿಗಿದು ನಿಂತು, ಕಾಲ್‌ಬೈಶಾಖಿಯ ಬಿರುಗಾಳಿಗೆ ಲಾಂಚು ಅಡ್ಡ ತಿರುಗಿ ಮಗುಚಿಕೊಂಡಿತ್ತು. ಅಂದಿನಿಂದ ಅವರು ಓಡುವ ಲಾಂಚಿಗೆ ಕಾಲಿಟ್ಟವರಲ್ಲ. ಕರಗದ ಲೋಹ ಮಾಡಬೇಕು ಎಂಬುದೊಂದೇ ಹಟ. ಸೀಸವನ್ನು ಕಡಿಮೆ ಮಾಡಿದರು, ಆಂಟಿಮನಿ ಹೆಚ್ಚಿಸಿದರು, ತಾಮ್ರ ಸೇರಿಸಿದರು. ಎರಕ ಹೊಯ್ದು, ಒಡೆದು, ಮುರಿದ ಮೈಯ ಹರಳುಗಳನ್ನು ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಮೂಸೆಗೆ ಹಾಕಿದರು. ಆ ಸೀಸದ ಹೊಗೆ ಕುಡಿದು ಕುಡಿದು ಅವರ ವಸಡಿನ ಅಂಚು ನೀಲಿಯಾಯಿತು. ಕೊನೆಗೊಂದು ದಿನ ಆ ಲೋಹ ಕೈಗೂಡಿತು. ಬೇರೆಯವರ ಬೇರಿಂಗು ಒಂದು ಮಳೆಗಾಲ ಕಂಡು ಸವೆದುಹೋದರೆ, ತೋರಾಬ್ ಮಿಸ್ತ್ರಿಯ ಗಟ್ಟಿ ಲೋಹ ವರ್ಷಗಳು ಕಳೆದರೂ ಉಗುರಿನಷ್ಟೂ ಸವೆಯದೆ ಹೊಳೆಯುತ್ತಿತ್ತು. ಮಾಲೀಕರು ಅವರ ಕುಲುಮೆಯ ಮುಂದೆ ಸಾಲುಗಟ್ಟಿದರು. 'ಶೋನಾಲಿ'ಗೂ ಅದೇ ಲೋಹ ಬಿತ್ತು. ಜಯ್ನಾಲ್ ನನಗೆ ಹೇಳಿದ್ದ: "ಇನ್ಮೇಲೆ ನಿದ್ದೆ ಮಾಡು. ಚಾಚಾ ಲೋಹ ನನಗಿಂತ ಜಾಸ್ತಿ ದಿನ ಬದುಕುತ್ತೆ."

ಹಾಗೆಯೇ ಆಯಿತು. ಚೈತ್ರದ ಒಂದು ಸಂಜೆ ಮೇಘನಾ ನದಿಯ ಮಧ್ಯದಲ್ಲಿ 'ಶೋನಾಲಿ'ಯ ಕ್ರ್ಯಾಂಕ್ ಮುರಿಯಿತು, ಗಾಳಿ ಎದ್ದಿತ್ತು, ಲಾಂಚು ಮುಳುಗಿತು, ಕೆಳಗೆ ಎಂಜಿನಿನ ಬಳಿ ಇದ್ದ ಜಯ್ನಾಲ್ ಮೇಲೆ ಬರಲಿಲ್ಲ. ಲಾಂಚನ್ನು ಎತ್ತಿದಾಗ ಬೇರಿಂಗಿಗೆ ಒಂದು ಗೀರೂ ಬಿದ್ದಿರಲಿಲ್ಲ.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿಯುವ ಮೊದಲೇ ಮಿಸ್ತ್ರಿ ಆ ಬೇರಿಂಗನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದು ನಮ್ಮ ಹೊಸ್ತಿಲಲ್ಲಿ ಕೂತರು. ನನ್ನ ಅತ್ತೆ ಒಳಗಿಂದ "ಯಾವ ಮುಖ ಇಟ್ಕೊಂಡು ಬಂದ್ಯೋ, ಮನೆಹಾಳ!" ಎಂದು ಕಿರುಚಿದರು. ಮಿಸ್ತ್ರಿ ತಲೆ ಎತ್ತಲಿಲ್ಲ.

"ನದಿ ನೀರಲ್ಲಿ ಮರಳಿರುತ್ತೆ, ಅದು ಎಣ್ಣೆಗೆ ಸೇರುತ್ತೆ, ಬೌಮಾ. ಮೆತ್ತನೆ ಲೋಹ ಆ ಕಣಾನ ತನ್ನ ಮೈಯಲ್ಲೇ ಹೂತುಕೊಳ್ಳುತ್ತೆ. ತಾನು ಸವೆಯ್ತಾ ಸವೆಯ್ತಾ ಟಕಟಕ ಅಂತ ಸದ್ದು ಮಾಡಿ ಡ್ರೈವರಿಗೆ ಹೇಳುತ್ತೆ. ನಂದು ಹೂತುಕೊಳ್ಳಲಿಲ್ಲ, ಹೇಳಲೂ ಇಲ್ಲ. ಮರಳನ್ನ ಕ್ರ್ಯಾಂಕಿನ ಮೈಗೆ ಉಜ್ಜಿ ಉಜ್ಜಿ ಅದನ್ನೇ ಕೊಂದುಹಾಕ್ತು. ಕೇಳಿಸ್ತಾ?"

ನನಗೆ ಕೇಳಿಸಿತ್ತು. 

ಆಮೇಲಿನ ಅವರ ಬದುಕೆಲ್ಲ ತಾವೇ ಮಾಡಿದ್ದನ್ನು ತಾವೇ ಕೀಳುವುದರಲ್ಲಿ ಕಳೆಯಿತು. ಗಟ್ಟಿಗೂ ಮೆದುವಿಗೂ ನಡುವಿನ, ಸುಲಭಕ್ಕೆ ಕರಗದ ಆದರೆ ಮರಳನ್ನು ನುಂಗುವ ಲೋಹವೊಂದನ್ನು ಹದ ಮಾಡಿ, ಅದನ್ನು ಹೊತ್ತು ಲಾಂಚು ನಿಲ್ಲುವ ಘಾಟಿನಿಂದ ಘಾಟಿಗೆ ಅಲೆದರು. ಹೊಟ್ಟೆಪಾಡಿಗೆ ನಾನು ಅವರ ಕುಲುಮೆಯಲ್ಲಿ ಗುಜರಿ ಆರಿಸುವ ಕೆಲಸಕ್ಕೆ ಸೇರಿದ್ದೆ. ಬುಟ್ಟಿ ಹೊತ್ತು ಹಿಂದೆ ಹೋಗುತ್ತಿದ್ದೆ. ಕಿವಿ ಮಂದವಾದ ಮೇಲೆ ಅವರು ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಕಟ್ಟಿ ನಿಲ್ಲಿಸಿದ ಲಾಂಚಿನ ತಿರುಗುತ್ತಿರುವ ಎಂಜಿನಿಗೆ ಒತ್ತಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಹಲ್ಲಿನಿಂದಲೇ ಅದರ ನರಳಾಟ ಕೇಳುತ್ತಿದ್ದರು. "ಇದರೊಳಗೆ ನನ್ನ ಪಾಪ ಇದೆ, ಬಿಚ್ಚಿ. ಹೊಸದು ಪುಕ್ಕಟೆ ಹಾಕಿಕೊಡ್ತೀನಿ" ಎನ್ನುತ್ತಿದ್ದರು. ಎಂಜಿನ್ ಬಿಚ್ಚಿದರೆ ದಿನಗಟ್ಟಲೆ ಓಡಾಟ ನಿಲ್ಲುತ್ತದಲ್ಲ, ಮಾಲೀಕರು ನಗುತ್ತಿದ್ದರು. 'ದರಿಯಾದೌಲತ್' ಲಾಂಚಿನ ಮಾಲೀಕ ಸೊಲೈಮಾನ್ ಬೇಪಾರಿಯಂತೂ ಎಲೆಯಡಿಕೆ ಉಗಿದು ಹೇಳಿದ: "ಏನ್ ಚಾಚಾ, ನೋಯದ ಹಲ್ಲನ್ನ ಕೀಳ್ತೀನಿ ಅಂತೀಯಲ್ಲ! ಹೋಗು, ನಿನ್ನದೇ ಮೊದಲು ಕೀಳಿಸ್ಕೋ."

ಆ ಘಾಟಿನಲ್ಲಿ ನನಗೂ ಒಂದು ಹೆಸರಿತ್ತು: ನೀರಿಗೆ ಗಂಡನನ್ನು ಕೊಟ್ಟವಳು. ಅಂಥವಳು ಲಾಂಚಿಗೆ ಹತ್ತುವ ಹಲಗೆಯ ಮೇಲಿದ್ದರೆ ಅಪಶಕುನವೆಂದು, ಲಾಂಚು ನಡೆಸುವ ಯಾವ ಸಾರಂಗನೂ ಹಗ್ಗ ಬಿಚ್ಚುವುದಿಲ್ಲ. "ಏ, ಹಲಗೆ ಬಿಟ್ಟು ಆಚೆ ನಿಲ್ಲು, ಲಾಂಚು ಬಿಡೋ ಹೊತ್ತು!" ಎಂದು ಖಲಾಸಿಯೊಬ್ಬ ನನ್ನನ್ನು ಗದರಿಸಿದ ದಿನ ಮಿಸ್ತ್ರಿ ಜೇಬಿನಿಂದ ಬೇರಿಂಗ್ ತೆಗೆದು ಅವನತ್ತ ಬೀಸಿದರು. "ಇವಳಲ್ಲ ಕಣೋ ಶನಿ, ನಾನು! ನನ್ನನ್ನ ಓಡಿಸು!" ಎಂದರು. ಇಡೀ ಸದರ್‌ಘಾಟಿನಲ್ಲಿ ಆ ಮಾತನ್ನು ನನಗಾಗಿ ಆಡಿದವರು ಅವರೊಬ್ಬರೇ.

ಹೀಗೆ ಕಾಡಿ ಬೇಡಿ ಒಂದೊಂದನ್ನೇ ಬಿಚ್ಚಿಸಿದರು. 'ದರಿಯಾದೌಲತ್' ಒಂದು ಉಳಿಯಿತು. ಅಷ್ಟರಲ್ಲಿ ಸೀಸ ಅವರ ಮಣಿಕಟ್ಟುಗಳ ಬಲವನ್ನು ತಿಂದುಹಾಕಿತ್ತು. ಎರಡೂ ಕೈ ಒದ್ದೆ ಬಟ್ಟೆಯಂತೆ ಜೋತುಬಿದ್ದು ಎರಕದ ಸೌಟು ಹಿಡಿಯಲಾಗದೆ ಹಾಸಿಗೆ ಹಿಡಿದರು. ಫಾಲ್ಗುಣ ಮುಗಿದಿತ್ತು, ಗಾಳಿಯ ದಿನಗಳು ಹತ್ತಿರ ಬಂದಿದ್ದವು. ನಾನು ಅನ್ನದ ಗಂಜಿ ಕುಡಿಸಲು ಹೋದೆ. ಅವರು ಬಾಯಿ ತೆರೆಯಲಿಲ್ಲ.

ಮಾಡಿದ ವಸ್ತು ಮುರಿದರೆ ನಾಚುವ ಕೆಲಸಗಾರರನ್ನು ನಾನು ಬಹಳ ಕಂಡಿದ್ದೇನೆ. ಮುರಿಯದೆ ನಿಂತದ್ದಕ್ಕಾಗಿ ನಾಚಿ ನವೆದವರನ್ನು ಇವರೊಬ್ಬರನ್ನೇ ಕಂಡೆ. ಇಂಥವರಿಗೆ ಜನರ ಕ್ಷಮೆ ಬೇಡ. ಕ್ಷಮಿಸಿದೆನೆಂದರೆ ಅವರಿಗೆ ಕೇಳಿಸುವುದೂ ಇಲ್ಲ. ಅವರಿಗೆ ಬೇಕಾದದ್ದು ಉಳಿದ ಕೆಲಸ ಮುಗಿಸಿಕೊಡುವ ಒಬ್ಬರು. ಅದಕ್ಕಾಗಿ ತಮ್ಮ ಮಾನವನ್ನೂ, ತಾವು ಕಾಪಾಡಿದವರ ಮಾನವನ್ನೂ ಅಡವಿಡಲು ಅವರು ಹಿಂಜರಿಯುವುದಿಲ್ಲ.

ಅಂದು ಅವರು ನನ್ನ ಮುಖ ನೋಡದೆ, ಗೋಡೆಯ ಮೊಳೆಗೆ ತೂಗುಹಾಕಿದ್ದ ಕೋಟಿನತ್ತ ನೋಡುತ್ತಾ ಕೇಳಿದರು: "ಬೌಮಾ, ನಾಳೆ ಹೋಗಿ ದರಿಯಾದೌಲತ್ ಹಲಗೆ ಮೇಲೆ ಕೂತ್ಕೋತೀಯಾ? ಸೊಲೈಮಾನ್ ಎಂಜಿನ್ ಬಿಚ್ಚಿಸೋವರೆಗೂ ಏಳಬೇಡ. ಯಾರು ಏನಂದ್ರೂ ಏಳಬೇಡ. ಕೇಳಿಸ್ತಾ?"