ಸುಮ್ಮನಿರದ ಪಾರ್ಸೆಲ್

ಅಕ್ಕನ ಮಗುವಿಗೆ ತಿಂಗಳು ತುಂಬಿತು, ನಾನಿನ್ನೂ ಅದನ್ನು ಎತ್ತಿಕೊಂಡಿಲ್ಲ. ಅಕ್ಕ ಕೊಡಲು ಬಂದಾಗಲೆಲ್ಲ ನನಗೆ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತದೆ. ಕೈಜಾರಿ ಬಿದ್ದರೆ ಎಂಬ ಹೆದರಿಕೆ. ಬಾಯಿಬಿಟ್ಟು ಹೇಳಲು ನಾಚಿಕೆ. ಮಗುವೆಂದರೆ ನನಗಾಗದು ಎಂದೇ ಅವಳು ತಿಳಿದಿದ್ದಾಳೆ.

ಇವತ್ತು ಭಾವನೇ ಕೆಲಸ ತಂದರು. ಅವರ ಪಾರ್ಸೆಲ್ ಆಫೀಸಿನ ಹಳೆಯ ಡಿಜಿಟಲ್ ತಕ್ಕಡಿ. ಪರದೆ ಸತ್ತಿದೆ, ಯುಎಸ್‌ಬಿ ವೈರು ಮಾತ್ರ ಬದುಕಿದೆ.

"ಕಂಪ್ಯೂಟರ್ ಓದಿದವಳು ನೀನು, ಇದರ ಬಾಯಿ ಬಿಡಿಸಮ್ಮ. ಪುಟ್ಟಿ ತೂಕ ಮನೇಲೇ ನೋಡಬಹುದು."

ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನಾಲ್ಕು ಸಾಲು ಕೋಡ್ ಬರೆದೆ. ತಕ್ಕಡಿ ಪ್ರತಿ ಸಲವೂ ಆರು ಸಂಖ್ಯೆ ಕಳಿಸುತ್ತಿತ್ತು. ಕೊನೆಯ ಎರಡು ಸೇರಿದರೆ ತೂಕ. ಒಂದು ಕಿಲೋ ಸಕ್ಕರೆ ಇಟ್ಟೆ. ನೂರು ಕಿಲೋ ಎಂದಿತು.

"ಭೇಷ್, ನಾಳೆಯಿಂದ ಸಕ್ಕರೆ ಅಂಗಡಿ ಇಡೋಣ," ಎಂದರು ಭಾವ.

ತೂಕದ ಪಕ್ಕದಲ್ಲೇ ೨೫೪ ಎಂಬ ಸಂಖ್ಯೆ ಕೂತಿತ್ತು. ಯಂತ್ರದ ಲೆಕ್ಕದಲ್ಲಿ ಅದು ಮೈನಸ್ ಎರಡು, ಅಂದರೆ ದಶಮಾಂಶದ ಚುಕ್ಕೆಯನ್ನು ಎರಡು ಸ್ಥಾನ ಎಡಕ್ಕೆ ತಳ್ಳಬೇಕು. ತಳ್ಳಿದೆ. ೧.೦೦! ಕುರ್ಚಿಯಲ್ಲೇ ಕುಣಿದುಬಿಟ್ಟೆ.

ಅಕ್ಕ ಪುಟ್ಟಿಯನ್ನು ತಕ್ಕಡಿಯ ಮೇಲೆ ಮಲಗಿಸಿದಳು. ಅದು ಕೈಕಾಲು ಬಡಿಯತೊಡಗಿತು. ತಕ್ಕಡಿ ಕಳಿಸುವ ಆರರಲ್ಲಿ ಎರಡನೆಯ ಸಂಖ್ಯೆ ನಾಲ್ಕಾದರೆ ತೂಕ ನಿಂತಿತು, ಮೂರಾದರೆ ಇನ್ನೂ ಅಲುಗುತ್ತಿದೆ ಎಂದರ್ಥ. ಅದೋ ಮೂರು ಬಿಟ್ಟು ಅಲ್ಲಾಡಲಿಲ್ಲ.

"ಇಂಥ ಪಾರ್ಸೆಲ್ಲನ್ನ ನಮ್ಮ ಆಫೀಸಲ್ಲಿ ಯಾರೂ ಮುಟ್ಟಲ್ಲ," ಎಂದು ಭಾವ ನಕ್ಕರು.

"ಯಾರಾದ್ರೂ ಎತ್ಕೊಂಡು ನಿಂತ್ರೆ ಸುಮ್ಮನಿರುತ್ತೆ. ಆಮೇಲೆ ಅವರ ತೂಕ ಕಳೆದ್ರಾಯ್ತು," ಎಂದುಬಿಟ್ಟೆ. ನನ್ನ ಗುಂಡಿ ನಾನೇ ತೋಡಿಕೊಂಡಿದ್ದೆ.

ಮೊದಲು ಭಾವ ಹತ್ತಿದರು. ಅದೇ ಎರಡನೆಯ ಸಂಖ್ಯೆ ಆರಕ್ಕೆ ಹಾರಿತು, ಅಂದರೆ ಭಾರ ಹೆಚ್ಚಾಯಿತು. ಅರವತ್ತು ಕಿಲೋ ದಾಟಿದರೆ ತಕ್ಕಡಿ ಕೈಯೆತ್ತುತ್ತದೆ.

"ನಿಮ್ಮನ್ನ ತೂಗೋಕೆ ಅದಕ್ಕೂ ಆಗಲ್ವಂತೆ ರೀ," ಎಂದಳು ಅಕ್ಕ.

"ಹಾಗಾದ್ರೆ ನೀನು ಹತ್ತು."

"ಈಗ ನನ್ನ ತೂಕದ ಸುದ್ದಿಗೆ ಯಾರಾದ್ರೂ ಬಂದ್ರೆ ನೋಡಿ!"

ಇಬ್ಬರೂ ನನ್ನ ಕಡೆ ತಿರುಗಿದರು. "ಕಡ್ಡಿ ಥರ ಇದೀಯ, ಹತ್ತೇ," ಎಂದಳು ಅಕ್ಕ.

ಹತ್ತಿದೆ. ೪೬.೩೮. ಅಕ್ಕ ಮಗುವನ್ನು ನನ್ನತ್ತ ಚಾಚಿದಳು. ನನ್ನ ಕೈ ಮೇಲೇಳಲಿಲ್ಲ. ಅವಳ ಮುಖ ಬಾಡಿತು.

"ಹೋಗಲಿ ಬಿಡು. ನಿನಗೆ ಇವಳು ಇಷ್ಟ ಇಲ್ಲ ಅಂತ ಗೊತ್ತು."

"ಇಷ್ಟ ಕಣೇ ಅಕ್ಕಾ!" ನನ್ನ ದನಿ ಪಕ್ಕದ ಮನೆಗೂ ಕೇಳಿರಬೇಕು. "ಬೀಳಿಸಿಬಿಡ್ತೀನೇನೋ ಅಂತ ಹೆದರಿಕೆ, ಅಷ್ಟೇ. ಕತ್ತಿನ ಕೆಳಗೆ ಕೈ ಹೇಗೆ ಕೊಡೋದು, ತೋರಿಸು."