ಏಳನೆಯ ಕಂತು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಇಂದಿನ ಕಾಲದ ರಾಜಮನೆತನವೊಂದರ ಕಥೆ ಹೇಳುವ ಧಾರಾವಾಹಿ ಅದು. ಮೂರು ಸೀಸನ್‌ಗಳಿಂದ ಅದರ ಉಡುಪಿನ ಕೋಣೆ ಅವಳ ಕೈಯಲ್ಲಿತ್ತು. ರಾಜನ ಕೋಟಿಗೆ ಗುಂಡಿ ಹೊಲಿಯುವವಳೂ ಅವಳೇ, ರೇಷ್ಮೆಯ ಮೇಲೆ ಟೀ ಚೆಲ್ಲಿಕೊಂಡು ಬಂದ ರಾಣಿಗೆ ಬೈಯುವವಳೂ ಅವಳೇ. ರಾಣಿಯಿಂದ ಹಿಡಿದು ಕಾವಲುಗಾರರವರೆಗೆ ಎಲ್ಲರ ಬಾಯಲ್ಲೂ ಅಕ್ಕ ಎನಿಸಿಕೊಂಡವಳ ಜೊತೆ, ಒಡಹುಟ್ಟಿದ ಒಬ್ಬಳೇ ತಂಗಿ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದಳು.

ಕಥೆ ಬರೆಯುವ ಹೆಂಗಸಿಗೆ ಆ ಕೋಣೆ ಇಷ್ಟ. ಉಳಿದ ಕಡೆ ಗದ್ದಲ, ಇಲ್ಲಿ ಇಸ್ತ್ರಿಪೆಟ್ಟಿಗೆಯ ಬುಸುಗುಟ್ಟುವಿಕೆ ಬಿಟ್ಟರೆ ಸದ್ದಿಲ್ಲ. ಮೂರನೆಯ ಸೀಸನ್ ಬರೆಯುವಾಗ ಒಂದು ಮಧ್ಯಾಹ್ನ ಬಂದು ಕೂತು, ದೊಡ್ಡ ರಾಜಕುಮಾರಿಗೆ ಚಿಕ್ಕವಳ ಮೇಲೆ ಅಷ್ಟು ಸಿಟ್ಟು ಯಾಕಿರಬಹುದು, ತನಗಂತೂ ಹೊಳೆಯುತ್ತಿಲ್ಲ ಎಂದು ಅಲವತ್ತುಕೊಂಡಳು. ಸೂಜಿಯಕ್ಕ ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ತೆಗೆದಿಟ್ಟಳು. ನನಗೆ ಗೊತ್ತಿರೋ ಒಬ್ಬಳ ವಿಷಯ ಹೇಳ್ತೀನಿ ಎಂದು ಶುರು ಮಾಡಿದಳು.

ಆ ಒಬ್ಬಳ ಅಪ್ಪ ಬಸ್ ಡ್ರೈವರ್. ಚಿಕ್ಕ ಮಗಳು, ಅವನ ಬಾಯಲ್ಲಿ ಪುಟ್ಟಿ, ಅವನು ಒಪ್ಪದವನನ್ನು ಮದುವೆಯಾದಳು. ಈ ಮನೆಗೆ ಕಾಲಿಡಬೇಡ ಎಂದು ಅಪ್ಪ ಸಿಟ್ಟಿನಲ್ಲಿ ಅಂದ. ಅವಳು ಅದನ್ನೇ ಹಿಡಿದುಕೊಂಡು ದೂರದ ಊರಿಗೆ ಹೋದಳು. ಆಮೇಲೆ ಅಪ್ಪ ಹಾಸಿಗೆ ಹಿಡಿದ. ಹನ್ನೊಂದು ತಿಂಗಳು ಅವನನ್ನು ಎತ್ತಿ ಕೂರಿಸಿ, ತೊಳೆದು ಒರೆಸಿ ನೋಡಿಕೊಂಡವಳು ದೊಡ್ಡವಳು. ಅವನು ಕೇಳುತ್ತಿದ್ದುದು ಮಾತ್ರ ಚಿಕ್ಕವಳನ್ನು. ಬಾಗಿಲಿಗೆ ಚಿಲಕ ಹಾಕಬೇಡ, ಪುಟ್ಟಿಗೆ ಬಾಗಿಲು ಬಡಿಯೋಕೆ ಸಂಕೋಚ ಅಂತ ದಿನಾ ಹೇಳುತ್ತಿದ್ದ. ಫೋನ್ ಮಾಡಿದ್ದೀನಿ, ಬರ್ತಾಳಂತೆ ಎಂದು ದೊಡ್ಡವಳು ಹೇಳುತ್ತಿದ್ದಳು. ಒಂದು ಸಲವೂ ಫೋನ್ ಮಾಡಲಿಲ್ಲ. ಎಲ್ಲ ಮುಗಿದ ಮೇಲೆ ಮಾಡಿದಳು. ಅಪ್ಪ ನನ್ನ ಕೇಳಿದ್ರಾ ಎಂದು ತಂಗಿ ಅಳುತ್ತಾ ಕೇಳಿದಾಗ ಇಲ್ಲ ಎಂದುಬಿಟ್ಟಳು. ತಂಗಿಯ ದನಿ ಕೇಳಿದ್ದು ಅದೇ ಕೊನೆ.

ಆ ಒಬ್ಬಳು ಯಾರೆಂದು ಬರೆಯುವವಳಿಗೆ ಅರ್ಥವಾಗಿತ್ತು.

ಎರಡು ತಿಂಗಳ ನಂತರ ಏಳನೆಯ ಕಂತಿನ ಹಾಳೆಗಳು ಉಡುಪಿನ ಕೋಣೆಗೆ ಬಂದವು. ಯಾರಿಗೆ ಯಾವ ಬಟ್ಟೆ ಎಂದು ಗುರುತು ಹಾಕುತ್ತಾ ಓದುತ್ತಿದ್ದ ಸೂಜಿಯಕ್ಕ ಒಂದು ಸಾಲಿಗೆ ಬಂದು ನಿಂತಳು. ಸಾಯುತ್ತಿರುವ ರಾಜ ಹೇಳುತ್ತಾನೆ: ಚಿಲಕ ಹಾಕಬೇಡ. ಶವಯಾತ್ರೆಯ ಬೆಳಿಗ್ಗೆ ದೊಡ್ಡ ರಾಜಕುಮಾರಿ ತಂಗಿಯೆದುರು ಎಲ್ಲವನ್ನೂ ಒಪ್ಪಿಕೊಳ್ಳುತ್ತಾಳೆ.

ಹಾಳೆ ಹಿಡಿದು ನೆಟ್ಟಗೆ ಬರೆಯುವವಳ ಬಳಿ ಹೋದಳು.

"ತಪ್ಪಾಯ್ತು, ನಿಮ್ಮನ್ನ ಕೇಳ್ಬೇಕಿತ್ತು," ಎಂದಳು ಬರೆಯುವವಳು. "ಬೇಡ ಅಂದ್ರೆ ಈಗಲೇ ತೆಗೀತೀನಿ."

ಸೂಜಿಯಕ್ಕ ಬೈಯಲೆಂದೇ ಹೋಗಿದ್ದಳು. ಆದರೆ ತಂಗಿ ಈ ಧಾರಾವಾಹಿಯನ್ನು ಬಿಡದೆ ನೋಡುತ್ತಾಳೆ ಎಂದು ಚಿಕ್ಕಮ್ಮ ಯಾವಾಗಲೋ ಹೇಳಿದ್ದಳು. ಒಂಬತ್ತು ವರ್ಷ ತನ್ನಿಂದ ಹೇಳಲಾಗದ್ದನ್ನು ರೇಷ್ಮೆ ಉಟ್ಟ ಬೇರೆ ಯಾರೋ ಹೇಳಿಬಿಡುತ್ತಾರೆ.

"ಇರಲಿ ಬಿಡಿ," ಎಂದಳು.

ಚಿತ್ರೀಕರಣದ ದಿನ ನಿರ್ದೇಶಕ ತಲೆ ಕೆರೆದುಕೊಂಡ. ಅರಮನೆಯ ಬಾಗಿಲಲ್ಲಿ ನಾಲ್ಕು ಜನ ಬಂದೂಕು ಹಿಡಿದು ನಿಂತಿರುವಾಗ ಚಿಲಕದ ಮಾತೇಕೆ ಎಂಬುದು ಅವನ ಪ್ರಶ್ನೆ. ಎಲ್ಲರೂ ನಕ್ಕರು. ಬರೆಯುವವಳು ಪಟ್ಟು ಬಿಡಲಿಲ್ಲ. ದೊಡ್ಡ ರಾಜಕುಮಾರಿಯ ಕಪ್ಪು ಉಡುಪಿನ ಬೆನ್ನಿಗೆ ಕೊಕ್ಕೆ ಹಾಕುತ್ತಿದ್ದ ಸೂಜಿಯಕ್ಕನನ್ನು ನಟಿ ಕೇಳಿದಳು, ಇದನ್ನು ಅಳುತ್ತಾ ಹೇಳಲೋ ಹೇಗೆ ಎಂದು. ಅಳಬೇಡ ತಾಯಿ, ಅಳೋ ಹಕ್ಕು ಅವಳಿಗಿಲ್ಲ ಎಂದು ಸೂಜಿಯಕ್ಕ ಕೊನೆಯ ಕೊಕ್ಕೆ ಹಾಕಿದಳು. ನಟಿ ಹಾಗೆಯೇ ಮಾಡಿದಳು. ಕಥೆಯ ತಂಗಿ ಕೇಳಿಸಿಕೊಂಡಳು, ಒಂದು ಗಳಿಗೆ ನಿಂತಳು, ಅಕ್ಕನನ್ನು ತಬ್ಬಿಕೊಂಡಳು.

ಭಾನುವಾರ ಸಂಜೆ ಆ ಕಂತು ಬಂತು. ಮರುದಿನ ಬೆಳಿಗ್ಗೆ ಸೂಜಿಯಕ್ಕ ಕಾವಲುಗಾರರ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಎತ್ತಿದ ಕೂಡಲೇ ಉಸಿರಾಟದಿಂದಲೇ ಗುರುತು ಹತ್ತಿತು.

"ನಿಜಾನಾ?" ಎಂದಿತು ಆ ದನಿ.

"ನಿಜ."

"ಚಿಲಕದ ಮಾತೂ?"

"ಅದೂ ನಿಜ, ಪುಟ್ಟಿ."

"ಹಾಗೆ ಕರೀಬೇಡ. ಎಷ್ಟು ಸಲ ಕೇಳಿದ್ರು?"

"ದಿನಾ ಕೇಳ್ತಿದ್ರು. ಕೊನೇ ದಿನಾನೂ."

ಸೂಜಿಯಕ್ಕ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ ನೆಲದ ಮೇಲೆ ಕೂತಳು.

"ಒಂಬತ್ತು ವರ್ಷ," ಎಂದಳು ತಂಗಿ, "ಅಪ್ಪ ನನ್ನ ಕ್ಷಮಿಸದೇ ಹೋದ್ರು ಅಂತಾನೇ ಬದುಕಿದ್ದೀನಿ. ನನ್ನ ಮಗಳಿಗೆ ತಾತನ ಫೋಟೋ ಕೂಡ ತೋರಿಸಿಲ್ಲ. ನೀನು ಊರಿಗೆಲ್ಲ ಹೇಳಿ ಆಮೇಲೆ ನನಗೆ ಹೇಳಿದೆ. ಅದೂ ಟಿವಿಯಲ್ಲಿ."

ನಿನ್ನೆದುರು ಹೇಳೋಕೆ ಬಾಯಿ ಬರಲಿಲ್ಲ ಎಂದು ಸೂಜಿಯಕ್ಕ ಅಂದಳು. ಇಷ್ಟು ವರ್ಷ ಮನಸ್ಸಿನಲ್ಲಿ ಹೊಲಿದಿಟ್ಟುಕೊಂಡಿದ್ದ ಮಾತುಗಳಲ್ಲಿ ಇನ್ನೊಂದೂ ಹೊರಬರಲಿಲ್ಲ. ಕೆಲಸ ಮಾಡಿ ಸೋತ ಕೈಗಳ ಸಂಕಟ, ಪುಟ್ಟಿಯನ್ನು ಕರೆದಂತೆ ತನ್ನನ್ನೂ ಒಮ್ಮೆಯಾದರೂ ಅಪ್ಪ ಕರೆಯಲೆಂಬ ಆಸೆ, ಯಾವುದೂ ಈಗ ಹೇಳುವಂಥದ್ದಾಗಿ ಕಾಣಲಿಲ್ಲ. ಆ ಕಡೆ ಫೋನ್ ಇಟ್ಟ ಸದ್ದಾಯಿತು.

ಆ ಕಂತಿಗೆ ಎಲ್ಲೆಡೆ ಹೊಗಳಿಕೆ ಬಂತು. ಅಕ್ಕತಂಗಿಯರ ದೃಶ್ಯ ನೋಡಿ ಅಳದವರಿಲ್ಲ ಎಂದು ಪತ್ರಿಕೆಯಲ್ಲಿ ಬರೆದರು. ಬರೆಯುವವಳು ಅದನ್ನು ತೋರಿಸಲು ಬಂದವಳು, ಸೂಜಿಯಕ್ಕನ ಮುಖ ನೋಡಿ ಪತ್ರಿಕೆ ಮಡಚಿಕೊಂಡು ಹೋದಳು.

ಮೂರು ತಿಂಗಳಾದ ಮೇಲೆ ತಂಗಿಯೇ ಫೋನ್ ಮಾಡಿದಳು. ಈಗಲೂ ತಿಂಗಳಿಗೊಮ್ಮೆ ಮಾಡುತ್ತಾಳೆ. ಅಕ್ಕ ಎನ್ನುವುದಿಲ್ಲ, ಹೇಗಿದ್ದೀಯ ಎಂದು ಕೇಳುವುದಿಲ್ಲ. ಅಪ್ಪನ ಆ ಹನ್ನೊಂದು ತಿಂಗಳ ಬಗ್ಗೆ ಒಂದೊಂದೇ ವಿಷಯ ಕೇಳುತ್ತಾಳೆ. ನೋವು ಜಾಸ್ತಿ ಇತ್ತಾ, ಕಿಟಕಿಯಿಂದ ಬಸ್ಸು ಕಾಣ್ತಿತ್ತಾ, ಕೊನೆಗೆ ಮಾತು ನಿಂತಿತ್ತಾ. ಸೂಜಿಯಕ್ಕ ಕೆಲಸ ಬದಿಗಿಟ್ಟು, ನೆನಪಾದಷ್ಟನ್ನೂ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. ಸಾಕು ಎಂದು ಆ ಕಡೆಯಿಂದ ಕೇಳಿಸಿದಾಗ ನಿಲ್ಲಿಸುತ್ತಾಳೆ. ಮಗುವಿನ ಹೆಸರೇನು ಎಂದು ಕೇಳಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತಾಳೆ. ಇನ್ನೂ ಕೇಳಿಲ್ಲ.