ಎರಡನೆಯ ಬಿಗಿ

ನಮ್ಮ ಪ್ರಯೋಗಾಲಯದಲ್ಲಿರುವ ಯಂತ್ರಕ್ಕೆ ಒಂದೇ ಕೆಲಸ. ಎರಡು ಉಕ್ಕಿನ ಫಲಕಗಳನ್ನು ಬೋಲ್ಟ್ ಹಾಕಿ ಬಿಗಿದು ಕೊಟ್ಟರೆ ಮೇಲಿನ ಫಲಕವನ್ನು ಅದು ಅತ್ತಿತ್ತ ಅಲುಗಿಸುತ್ತದೆ, ಸೆಕೆಂಡಿಗೆ ಹನ್ನೆರಡು ಸಲ. ಬೋಲ್ಟಿನ ಹಿಡಿತ ಎಷ್ಟು ಉಳಿದಿದೆ ಎಂಬುದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಬರೀ ಬೋಲ್ಟ್ ಆದರೆ ಅರ್ಧ ನಿಮಿಷದಲ್ಲಿ ಗೆರೆ ನೆಲ ಕಚ್ಚುತ್ತದೆ. ಬೋಲ್ಟಿನ ಮೈಮೇಲಿನ ಸುರುಳಿ ಎಳೆಗಳಿಗೆ ಅಂಟು ಹಾಕಿ ಒಂದು ದಿನ ಒಣಗಲು ಬಿಟ್ಟಿದ್ದರೆ ಗೆರೆ ಮೊದಲು ಸ್ವಲ್ಪ ಬಾಗಿ, ಆಮೇಲೆ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಹದಿನಾಲ್ಕು ವರ್ಷದಿಂದ ನಾನು ಈ ಗೆರೆಯನ್ನು ನೋಡಿಕೊಂಡು ಕೂತಿದ್ದೇನೆ. ನಮ್ಮ ಮನೆಯಲ್ಲಿ ಇದನ್ನು ಕೆಲಸ ಎಂದು ಒಪ್ಪಿಕೊಂಡವರು ನನ್ನ ಸೋದರಮಾವ ಒಬ್ಬರೇ.

ಮಾವ ಗಾಲಿಕುರ್ಚಿ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಫಿಟ್ಟರ್. ಅಲ್ಲಿ ಅವರ ಹೆಸರು 'ಇನ್ನೊಂದ್ಸಲ'. ಬಿಗಿ ಮಾಡಿದ ಬೋಲ್ಟನ್ನು ಮತ್ತೊಮ್ಮೆ ಮುಟ್ಟಿ ನೋಡದೆ ಅವರು ಕುರ್ಚಿಯನ್ನು ಮುಂದಕ್ಕೆ ಕಳಿಸಿದವರಲ್ಲ. ಮನೆಯಲ್ಲೂ ಅಷ್ಟೇ. ಬೀಗ ಹಾಕಿದ್ದೀನಾ ಎಂದು ಬಸ್ ನಿಲ್ದಾಣದಿಂದ ವಾಪಸ್ ಬರುವುದು, ಬಸ್ಸು ತಪ್ಪುವುದು, ಅಮ್ಮ ತನ್ನ ತಮ್ಮನಿಗೆ ಬೈಯುವುದು, ಇವೆಲ್ಲ ನಾನು ಚಿಕ್ಕಂದಿನಿಂದ ಕಂಡದ್ದೇ. ನನ್ನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವರು ಅವರು. ಬೀಗದ ರೋಗವನ್ನು ಅಂಟಿಸಿದವರೂ ಅವರೇ.

ಈ ವರ್ಷ ಒಂದೇ ತಿಂಗಳಲ್ಲಿ ಮೂರು ಕುರ್ಚಿಗಳು ಕಾರ್ಖಾನೆಗೆ ವಾಪಸ್ ಬಂದವು. ಮೂರರಲ್ಲೂ ಮುಂದಿನ ಗಾಲಿಯ ಬೋಲ್ಟ್ ಸಡಿಲವಾಗಿತ್ತು. ಮೂರನೆಯದರಲ್ಲಿ ಕೂತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಇಳಿಜಾರಿನಲ್ಲಿ ಮಗುಚಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಮೂರೂ ಮಾವನ ಬೆಂಚಿನಿಂದ ಹೋದ ಕುರ್ಚಿಗಳು. ಕಾರ್ಖಾನೆಯ ಗುಣಮಟ್ಟದ ಅಧಿಕಾರಿ ಆ ಬೋಲ್ಟುಗಳನ್ನು ಪೊಟ್ಟಣ ಕಟ್ಟಿ ನಮ್ಮಲ್ಲಿಗೆ ತಂದ. ಜೊತೆಗೊಂದು ಕಾಗದ, ಅದರಲ್ಲಿ ಒಂದೇ ಪ್ರಶ್ನೆ: ಅಂಟು ಹಾಕಲಾಗಿತ್ತೇ, ಇಲ್ಲವೇ? ಇಲ್ಲ ಎಂಬ ಉತ್ತರ ಅವನ ಮುಖದ ಮೇಲೆ ಆಗಲೇ ಇತ್ತು. ಮುದುಕನಿಗೆ ನಿವೃತ್ತಿಗೆ ಎಂಟು ತಿಂಗಳಿದೆ, ಕೆಲಸ ಮುಗಿಸಿದರೆ ಸಾಕು ಅನ್ನಿಸಿದೆ, ಎಂದ. ಮಾವನನ್ನು ಆಗಲೇ ಪ್ಯಾಕಿಂಗಿಗೆ ಹಾಕಿಯೂ ಆಗಿತ್ತು.

ಆ ಮುದುಕ ನನ್ನ ಮಾವ ಎಂದು ನಾನು ಪ್ರಯೋಗಾಲಯದ ಮುಖ್ಯಸ್ಥರಿಗೆ ಹೇಳಿದೆ. ಅವರು ಕನ್ನಡಕ ಒರೆಸುತ್ತ, ಯಂತ್ರಕ್ಕೆ ಮಾವ ಗೀವ ಇಲ್ಲ, ಪರೀಕ್ಷೆ ನೀನು ಮಾಡು, ಪ್ರತಿಯೊಂದು ಗೆರೆಯನ್ನೂ ನಾನು ನೋಡಿ ಸಹಿ ಹಾಕುತ್ತೇನೆ ಎಂದರು.

ಅಂದು ಸಂಜೆ ಮಾವ ಮನೆಗೆ ಬಂದಾಗ ಅವರ ಅಂಗಿಯ ತೋಳಿಗೆಲ್ಲ ಥರ್ಮೊಕೋಲಿನ ಬಿಳಿ ಕಾಳು ಅಂಟಿತ್ತು. ಅದನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲೆ ಗುಡ್ಡೆ ಮಾಡುತ್ತ ಕೂತರು.

"ಅಂಟು ಹಾಕಿದ್ದೀನಿ ಕಣೆ," ಎಂದರು. "ಪ್ಯಾಕಿಂಗಿಗೆ ಹಾಕಿದ್ರೆ ಹಾಕ್ಲಿ. ಮೈಗಳ್ಳ ಅಂದ್ಬಿಟ್ರಲ್ಲ."

ನನಗೆ ಮೈಯೆಲ್ಲ ಉರಿಯಿತು. ಇವರ ತಲೆಯ ಮೇಲೆ ಕೂರಿಸಿದ ಗೂಬೆಯನ್ನು ಇಳಿಸಿಯೇ ಸಿದ್ಧ ಎಂದುಕೊಂಡೆ.

ಇಳಿಸುವುದು ಸುಲಭವೇ ಆಯಿತು. ಮರುದಿನ ಮೂರು ಬೋಲ್ಟುಗಳನ್ನೂ ಭೂತಗನ್ನಡಿಯಡಿ ಇಟ್ಟೆ. ಎಳೆಗಳ ಸಂದಿನಲ್ಲೆಲ್ಲ ನೀಲಿ ಪುಡಿ ಕೂತಿತ್ತು. ಅಂಟು ಹಾಕಿದ್ದರು. ಕಾಲು ಗಂಟೆಯ ಕೆಲಸ, ಕಾಗದದಲ್ಲಿ ಹೌದು ಎಂದು ಬರೆದು ಕೊಟ್ಟರೆ ಮುಗಿಯಿತು. ಆದರೆ ಅಂಟು ಹಾಕಿದ ಬೋಲ್ಟ್ ಸಡಿಲವಾದದ್ದಾದರೂ ಹೇಗೆ? ಒಣಗಿದ ಅಂಟು ಗಾಜಿನ ಹಾಗೆ ಗಟ್ಟಿಯಾಗಿ ಎಳೆಗೆ ಕಚ್ಚಿಕೊಂಡಿರಬೇಕು, ಹೀಗೆ ಸೀಮೆಸುಣ್ಣದ ಪುಡಿಯಾಗಿರಬಾರದು. ಒಂದು ವಾರ ತಲೆ ಕೆಡಿಸಿಕೊಂಡೆ. ಬೋಲ್ಟಿಗೆ ಎಣ್ಣೆ ಸವರಿ ಅಂಟು ಹಾಕಿ ನೋಡಿದೆ, ತಣ್ಣನೆಯ ಕೋಣೆಯಲ್ಲಿ ಒಣಗಿಸಿ ನೋಡಿದೆ, ಅರ್ಧ ಹನಿ ಮಾತ್ರ ಹಾಕಿ ನೋಡಿದೆ. ಗೆರೆ ಒಂದಿಷ್ಟು ಬಾಗಿತೇ ಹೊರತು ಬೀಳಲಿಲ್ಲ.

ಕೊನೆಗೆ, ಕೆಲಸ ಮಾಡುವುದನ್ನೇ ಕಣ್ಣಾರೆ ನೋಡಬೇಕೆಂದು ಅನುಮತಿ ಪಡೆದು ಕಾರ್ಖಾನೆಗೆ ಹೋದೆ. ನನಗೆ ತೋರಿಸಲೆಂದು ಮಾವನನ್ನು ಬೆಳಗ್ಗೆ ಎರಡು ಗಂಟೆಯ ಮಟ್ಟಿಗೆ ಬೆಂಚಿಗೆ ಬಿಟ್ಟರು. ಅವರು ಕೈ ತೊಳೆದು, ಒರೆಸಿ, ಸ್ಪ್ಯಾನರುಗಳನ್ನು ಉದ್ದಕ್ಕೆ ಜೋಡಿಸಿಟ್ಟುಕೊಂಡರು. ಒಂದು ಕುರ್ಚಿಗೆ ಎಂಟು ಬೋಲ್ಟು. ಪ್ರತಿಯೊಂದಕ್ಕೂ ಒಂದು ಹನಿ, ಬಿಗಿತ ಅಳೆಯುವ ಸ್ಪ್ಯಾನರ್ ಸಾಕು ಎಂದು ಟಕ್ ಎನ್ನುವವರೆಗೆ ಬಿಗಿ. ಬರೆದಿಟ್ಟ ಕ್ರಮದಿಂದ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನನಗೆ ನಿಜವಾಗಿ ಹೆಮ್ಮೆಯಾಯಿತು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಇಪ್ಪತ್ತು ನಿಮಿಷ ಚಹಾದ ಬಿಡುವು. ಗೋಡೆಗೆ ಒರಗಿ ನಿಂತು ಚಹಾ ಕುಡಿದೆವು. ಪ್ಯಾಕಿಂಗಿನಲ್ಲಿ ಮಾಡಿದ ಕೆಲಸವನ್ನು ಎರಡನೆಯ ಸಲ ನೋಡುವುದಕ್ಕೇ ಏನೂ ಇಲ್ಲ, ಡಬ್ಬಕ್ಕೆ ಟೇಪು ಹಚ್ಚಿದರೆ ಹಚ್ಚಿದ್ದೇ, ಅದೂ ಒಂದು ಕೆಲಸವೇ ಎಂದು ಮಾವ ಗೊಣಗಿದರು. ಬೆಂಚಿಗೆ ವಾಪಸ್ ಬಂದವರೇ ಜೇಬಿನಿಂದ ತಮ್ಮದೇ ಒಂದು ಸಣ್ಣ ಸ್ಪ್ಯಾನರ್ ತೆಗೆದು ಎಂಟೂ ಬೋಲ್ಟುಗಳಿಗೆ ಒಂದೊಂದು ಎಳೆತ ಕೊಟ್ಟರು. ಏಳು ಅಲ್ಲಾಡಲಿಲ್ಲ. ಮುಂದಿನ ಗಾಲಿಯದು ಉಗುರಿನಷ್ಟು ತಿರುಗಿತು.

"ನೋಡಿದ್ಯಾ? ಇನ್ನೊಂದ್ಸಲ ನೋಡ್ದೇ ಇದ್ದಿದ್ರೆ ಇದು ಹಂಗೇ ಹೋಗ್ತಿತ್ತು," ಎಂದು ನಕ್ಕರು.

ಆಮೇಲೆ ಬೋಲ್ಟಿನ ತಲೆಯಿಂದ ಚೌಕಟ್ಟಿನವರೆಗೆ ಹಳದಿ ಬಣ್ಣದಲ್ಲಿ ಒಂದೊಂದು ಗೀಟು ಎಳೆದರು. ಬೋಲ್ಟ್ ತಿರುಗಿದರೆ ಗೀಟು ತುಂಡಾಗಿ ಗೊತ್ತಾಗಲಿ ಎಂದು ಎಳೆಯುವ ಗುರುತು ಅದು. ಮಾವ ಅದನ್ನು ಎರಡನೆಯ ಬಿಗಿಯಾದ ಮೇಲೆ ಎಳೆಯುತ್ತಿದ್ದರು. ಹಾಗಾಗಿ ಬೋಲ್ಟ್ ನಡುವೆ ಒಮ್ಮೆ ಅಲ್ಲಾಡಿದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಂಟಿನ ಬಾಟಲಿ ಕೇಳಿ ನೋಡಿದೆ. ಅದೇ ನೀಲಿ, ಆದರೆ ಬೇರೆ ಚೀಟಿ. ಆರು ತಿಂಗಳ ಹಿಂದೆ ಬದಲಾಯಿಸಿದ್ದೇವೆ, ಬೇಗ ಒಣಗುತ್ತೆ, ಎಂದ ಉಗ್ರಾಣದವನು. ಅದರ ಸೂಚನೆಯ ಹಾಳೆ ಅವನ ಮೇಜಿನ ಖಾನೆಯಲ್ಲಿ ಮಡಿಕೆ ಸಹ ಬಿಚ್ಚದೆ ಬಿದ್ದಿತ್ತು. ಹಳೆಯ ಅಂಟು ಗಟ್ಟಿಯಾಗತೊಡಗಲು ಎರಡು ಮೂರು ಗಂಟೆ ಬೇಕಿತ್ತು. ಚಹಾ ಕುಡಿದು ಬಂದು ತಿರುಗಿಸಿದರೆ ಅದಕ್ಕೇನೂ ಆಗುತ್ತಿರಲಿಲ್ಲ. ಹೊಸದು ಹತ್ತೇ ನಿಮಿಷಕ್ಕೆ ಹಿಡಿಯುತ್ತದೆ. ಹಿಡಿದ ಮೇಲೆ ಒಮ್ಮೆ ಅಲ್ಲಾಡಿಸಿದರೆ ಪುಡಿಯಾಗುತ್ತದೆ, ಮತ್ತೆ ಕೂಡುವುದಿಲ್ಲ. ಮೂವತ್ತು ವರ್ಷ ಯಾರಿಗೂ ಕೇಡು ಮಾಡದ ಅಭ್ಯಾಸ ಆರು ತಿಂಗಳಿನಿಂದ ಅಂಟನ್ನು ಕೀಳುತ್ತಿತ್ತು. ಬೇರೆ ಬೆಂಚಿನವರ ಕುರ್ಚಿಗಳು ಗಟ್ಟಿಯಾಗಿಯೇ ಇದ್ದವು, ಏಕೆಂದರೆ ಅವರು ಎರಡನೆಯ ಸಲ ನೋಡುವವರಲ್ಲ.

ಪ್ರಯೋಗಾಲಯದಲ್ಲಿ ಇಪ್ಪತ್ತು ಬೋಲ್ಟುಗಳಿಗೆ ಆ ಹೊಸ ಅಂಟು ಹಾಕಿದೆ. ಹತ್ತನ್ನು ಮುಟ್ಟಲಿಲ್ಲ. ಹತ್ತನ್ನು ಇಪ್ಪತ್ತು ನಿಮಿಷದ ನಂತರ ಉಗುರಿನಷ್ಟು ತಿರುಗಿಸಿದೆ. ಮರುದಿನ ಯಂತ್ರಕ್ಕೆ ಹಾಕಿದಾಗ ಮುಟ್ಟದ ಹತ್ತೂ ನಿಂತವು. ತಿರುಗಿಸಿದ್ದರಲ್ಲಿ ಒಂದೂ ಒಂಬೈನೂರು ಅಲುಗಾಟ ದಾಟಲಿಲ್ಲ.

ಮುಖ್ಯಸ್ಥರು ಗೆರೆಗಳನ್ನೆಲ್ಲ ಒಂದೊಂದಾಗಿ ನೋಡಿ ಸಹಿ ಹಾಕಿದರು. ಕೇಳಿದ ಪ್ರಶ್ನೆಗೆ ಹೌದು ಎಂದು ಉತ್ತರ ಬರೆದು ಕೈ ತೊಳೆದುಕೊಳ್ಳಬಹುದು, ನಿಮ್ಮ ಮಾವ ನಾಳೆಯೇ ಬೆಂಚಿಗೆ ಬರುತ್ತಾರೆ, ಎಂದರು. ಅದನ್ನು ನಾನೂ ಯೋಚಿಸಿದ್ದೆ. ಮಾವನಿಗೆ ಗುಟ್ಟಾಗಿ, ಎರಡನೆಯ ಸಲ ಮುಟ್ಟಬೇಡಿ ಎಂದರೆ ಮುಂದಿನ ಕುರ್ಚಿಗಳು ಸರಿಹೋಗುತ್ತವೆ. ಆದರೆ ಆರು ತಿಂಗಳಲ್ಲಿ ಅವರ ಬೆಂಚಿನಿಂದ ಇನ್ನೂರ ಹನ್ನೆರಡು ಕುರ್ಚಿಗಳು ಹೋಗಿದ್ದವು. ಯಾವುದರ ಯಾವ ಬೋಲ್ಟ್ ಉಗುರಿನಷ್ಟು ತಿರುಗಿತ್ತೋ ಯಾರಿಗೆ ಗೊತ್ತು? ಅವುಗಳಲ್ಲೆಲ್ಲ ಜನ ಕೂತಿದ್ದರು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು: ಖಾನೆಯಲ್ಲಿ ಹಾಳೆ ಇಟ್ಟವನ ಮೇಲೆ, ಹೌದು ಇಲ್ಲ ಎರಡನ್ನೇ ಕೇಳಿದ ಅಧಿಕಾರಿಯ ಮೇಲೆ, ಸುಮ್ಮನಿರಲಾರದ ಮಾವನ ಕೈಯ ಮೇಲೆ. ಆದರೂ ಕೂತು ಎಲ್ಲವನ್ನೂ ಬರೆದೆ. ಕಳಿಸುವ ಮೊದಲು ಮಾವನನ್ನು ಕರೆಸಿದೆ.

ಅವರು ಯಂತ್ರದ ಮುಂದೆ ಕೈಕಟ್ಟಿ ನಿಂತರು. ಮುಟ್ಟದ ಬೋಲ್ಟ್ ಹಾಕಿದೆ, ಗೆರೆ ನಿಂತಿತು. ತಿರುಗಿಸಿದ್ದನ್ನು ಹಾಕಿದೆ, ಗೆರೆ ಬಿತ್ತು.

"ಇನ್ನೊಂದ್ಸಲ ಹಾಕು."

ಬೇರೊಂದು ಹಾಕಿದೆ. ಅದೂ ಬಿತ್ತು. ಅವರು ಪರದೆಯಿಂದ ಕಣ್ಣು ಕೀಳದೆ, ಎಷ್ಟು ಕುರ್ಚಿ ಎಂದು ಕೇಳಿದರು. ಹೇಳಿದೆ.

"ಅಂಟು ಹಾಕಿದ್ದಾನೆ ಅಂತಷ್ಟೇ ಬರ್ದಿದ್ರೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು ಮಾವ."

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಒಂದು ವಾರ ನನ್ನ ಫೋನ್ ಎತ್ತಲಿಲ್ಲ. ತಾಯಿಯ ಹಾಗೆ ನೋಡಿಕೊಂಡವನ ಮೇಲೇ ಬರೆದೆಯಲ್ಲ ಎಂದು ಅಮ್ಮ ನನ್ನೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ನನಗೂ ಅಳು ಬಂದಿತ್ತು.

ಕಾರ್ಖಾನೆ ಸೂಚನೆಯ ಹಾಳೆಯನ್ನು ದೊಡ್ಡದಾಗಿ ಬರೆಸಿ ಗೋಡೆಗೆ ಹಾಕಿತು. ಇನ್ನೂರ ಹನ್ನೆರಡು ಮನೆಗೂ ವ್ಯಾನ್ ಕಳಿಸಿತು. ವ್ಯಾನಿನಲ್ಲಿ ತಾನೇ ಹೋಗುತ್ತೇನೆ ಎಂದು ಮಾವ ಕೇಳಿಕೊಂಡರಂತೆ. ಎರಡು ತಿಂಗಳು ಬೀದಿ ಬೀದಿ ತಿರುಗಿದರು. ಕೊನೆಯ ದಿನ ಅವರೇ ಫೋನ್ ಮಾಡಿ, ಬರ್ತೀಯಾ, ಎಂದರು. ಅಷ್ಟೇ ಅಂದದ್ದು. ನಾನು ರಜೆ ಹಾಕಿದೆ.

ಕೊನೆಯ ಮನೆ ಆ ನಿವೃತ್ತ ಶಿಕ್ಷಕಿಯದು, ಮೂರನೆಯ ಮಹಡಿ. ಕಾರ್ಖಾನೆಗೆ ಹೋಗಿದ್ದ ಅವರ ಕುರ್ಚಿಯನ್ನು ವ್ಯಾನಿನಲ್ಲಿ ವಾಪಸ್ ತಂದಿದ್ದೆವು. ಅವರ ಕೈಯ ಕಟ್ಟು ಬಿಚ್ಚಿತ್ತು, ಬೆರಳುಗಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು ಮಾವನ ಕೆಲಸವನ್ನು ಪರೀಕ್ಷೆಯ ಕೋಣೆಯಲ್ಲಿ ನೋಡುವಂತೆ ನೋಡಿದರು.

"ಅವತ್ತೂ ಇದನ್ನ ಬಿಗಿ ಮಾಡಿದ್ದು ನೀವೇನಾ?"

"ಹೌದು," ಎಂದರು ಮಾವ. "ಎರಡು ಸಲ ಬಿಗಿ ಮಾಡಿದ್ದೆ. ಅದೇ ತಪ್ಪಾಯ್ತು."

"ಈ ಸಲ?"

"ಒಂದೇ ಸಲ."

ಎಂಟನೆಯ ಬೋಲ್ಟ್ ಟಕ್ ಎಂದ ಕೂಡಲೇ ಹಳದಿ ಗೀಟು ಎಳೆದರು. ಅಂಟು ಒಣಗಬೇಕು, ನಾಳೆಯವರೆಗೆ ಇದರಲ್ಲಿ ಕೂರಬೇಡಿ ಎಂದು ಹೇಳಿ, ಜೇಬಿನಿಂದ ತಮ್ಮ ಸಣ್ಣ ಸ್ಪ್ಯಾನರ್ ತೆಗೆದು, ಇಟ್ಕೋ ಎನ್ನುತ್ತ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ.

ಮೆಟ್ಟಿಲಿಳಿಯುವಾಗ, ಮತ್ತೆ ಬೆಂಚಿಗೇ ಹಾಕಿದ್ದಾರೆ ಎಂದರು. ಮೈಗಳ್ಳ ಎಂದವರು ಬಂದು ತಪ್ಪಾಯಿತು ಎಂದರಂತೆ, ಎಲ್ಲರೂ ಒಳ್ಳೆಯ ಮಾತೇ ಆಡುತ್ತಾರಂತೆ.

"ಆದ್ರೆ ಆ ಹಳೇ ಹೆಸರು ಹಿಡಿದು ಯಾರೂ ಕರಿಯಲ್ಲ ಕಣೆ," ಎಂದರು. "ನನಗೆ ಬೇಜಾರಾಗುತ್ತೆ ಅಂತ."

ಅವರು ಒಂದು ಮಹಡಿ ಕೆಳಗೆ ಹೋಗುವವರೆಗೆ ನಾನು ಅಲ್ಲೇ ನಿಂತೆ. ಆಮೇಲೆ, "ಇನ್ನೊಂದ್ಸಲ ಮಾವ," ಎಂದು ಕರೆದೆ, ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆ. ಅವರು ತಟ್ಟನೆ ತಿರುಗಿದರು. ಕೈ ತಾನಾಗಿಯೇ ಜೇಬಿಗೆ ಹೋಯಿತು, ಖಾಲಿ ಜೇಬನ್ನು ಒಮ್ಮೆ ತಡಕಿತು, ಮತ್ತೊಮ್ಮೆ ತಡಕಿತು.